ತಪ್ಪಾಯ್ತು ರೀಲು

ಆ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದ ಪ್ರತಿ ಸಿನಿಮಾದ ಕೊನೆಯ ರೀಲಿಗೆ ಕೆಲಸಗಾರರು ಇಟ್ಟಿದ್ದ ಹೆಸರು ‘ತಪ್ಪಾಯ್ತು ರೀಲು’. ಡಬ್ಬಿಯ ಮೇಲೆ ಹದಿನಾಲ್ಕೋ ಹದಿನೈದೋ ಅಂತ ಸಂಖ್ಯೆ ಅಂಟಿಸಿರುತ್ತಿದ್ದರು, ಬಾಯಲ್ಲಿ ಮಾತ್ರ ಯಾರೂ ಅದನ್ನು ಹೇಳುತ್ತಿರಲಿಲ್ಲ. ತಪ್ಪಾಯ್ತು ರೀಲು ತೊಳೆದು ಬಂತಾ ಎಂದು ಸಂಕಲನದವನು ಕೇಳಿದರೆ, ಇನ್ನೂ ಒಣಗ್ತಿದೆ ಮಾರಾಯ, ಅವಳ ಕಣ್ಣೀರೇ ಆರಿಲ್ಲ ಎಂದು ಲ್ಯಾಬಿನವನು ಉತ್ತರ ಕೊಡುತ್ತಿದ್ದ. ಕಥೆ ರಾಣಿಯದಿರಲಿ, ನರ್ಸಿನದಿರಲಿ, ಕೊನೆಯ ರೀಲಿನಲ್ಲಿ ನಾಯಕಿ ಎಲ್ಲರೆದುರು ತಲೆ ಬಗ್ಗಿಸಿ ‘ತಪ್ಪಾಯ್ತು’ ಎನ್ನಲೇಬೇಕು. ಅವಳು ಅಂದ ಮೇಲೆ ಪಿಟೀಲುಗಳು ಏಳಬೇಕು, ಗಂಡ ಎರಡು ಹೆಜ್ಜೆ ಮುಂದೆ ಬರಬೇಕು, ಥಿಯೇಟರಿನಲ್ಲಿ ಕರವಸ್ತ್ರಗಳು ಹೊರಬರಬೇಕು. ಇದು ಯಜಮಾನರ ಕಟ್ಟಳೆ. ಅವರ ಮೊದಲ ಸಿನಿಮಾ ಹಾಗೆ ಮುಗಿದು ಇಪ್ಪತ್ತೈದು ವಾರ ಓಡಿತ್ತು. ಅಂದಿನಿಂದ ಆ ಮಾತಿಲ್ಲದ ಸಿನಿಮಾ ಒಂದೂ ಅವರ ಗೇಟು ದಾಟಿರಲಿಲ್ಲ.

ಹನ್ನೊಂದು ಸಿನಿಮಾಗಳಿಗೆ ಆ ಮಾತನ್ನು ಬರೆದುಕೊಟ್ಟವಳು ಗೊಣಗಮ್ಮ.

ಈ ಹೆಸರೂ ಸ್ಟುಡಿಯೋದವರೇ ಇಟ್ಟದ್ದು. ಕಥಾ ವಿಭಾಗದ ಮುಂದಿನ ಉದ್ದ ಜಗಲಿಯಲ್ಲಿ ಅವಳು ಬೆಳಗಿನಿಂದ ಆ ತುದಿಗೂ ಈ ತುದಿಗೂ ನಡೆಯುತ್ತಾ, ಬರೆಯಬೇಕಾದ ಮಾತನ್ನು ತುಟಿಯಲ್ಲೇ ಗೊಣಗಿಕೊಳ್ಳುತ್ತಿದ್ದಳು. ಸಿನಿಮಾದ ಮಾತು ಕಣ್ಣಿಗೆ ಎಷ್ಟು ಚೆಂದ ಕಂಡರೇನು, ನಾಲಗೆ ಎಡವಬಾರದು ಎನ್ನುವುದು ಅವಳ ಲೆಕ್ಕ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡುವಳು, ಹಲ್ಲಿಗೆ ಸಿಕ್ಕಿಕೊಳ್ಳುವ ಪದವನ್ನು ಕಿತ್ತು ಬಿಸಾಡುವಳು. ಹೀಗೆ ದಿನವಿಡೀ ಬೇರೆಯವರ ಬಾಯಿಂದ ಮಾತಾಡುತ್ತಿದ್ದವಳು ತನ್ನ ಬಾಯಿಂದ ಆಡುತ್ತಿದ್ದದ್ದು ಎಣಿಸಿ ನಾಲ್ಕು ಮಾತು. ಎದುರು ಬಂದವರಿಗೆ ತಲೆ ಆಡಿಸಿ ಮುಂದೆ ಹೋಗುವಳು, ಊಟದ ಡಬ್ಬಿ ಹಿಡಿದು ಕಿಟಕಿಯ ಪಕ್ಕ ಗೋಡೆಗೆ ಮುಖ ಮಾಡಿ ಕೂರುವಳು. ಸಿಟ್ಟೇ ಬರದ ಹೆಂಗಸು ಎಂದು ಎಲ್ಲರೂ ನಂಬಿದ್ದರು.

ಅವಳು ಅಲ್ಲಿಗೆ ಬಂದದ್ದು ಇಪ್ಪತ್ತಮೂರರ ವಯಸ್ಸಿನಲ್ಲಿ, ಪ್ರತಿ ಬರೆಯುವವಳಾಗಿ. ಆಗ ಕಥೆ ಹೆಣೆಯುತ್ತಿದ್ದವರು ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದ ಒಬ್ಬ ಮುದುಕರು. ಅವರ ಕಣ್ಣು ಮಂಜಾಗಿತ್ತು. ಅವರು ಹೇಳುವುದು, ಇವಳು ಬರೆಯುವುದು. ಬರೆಯುತ್ತಾ ಬರೆಯುತ್ತಾ ಅವರು ಹೇಳದೇ ಇದ್ದದ್ದನ್ನೂ ಇವಳು ಸೇರಿಸತೊಡಗಿದಳು. ಓದಿ ಹೇಳಿದಾಗ ಮೇಷ್ಟ್ರು ಹುಬ್ಬೇರಿಸಿ, ಇದು ನಾನು ಹೇಳಿದ್ದಾ ಎಂದು ಕೇಳುವರು. ಹೌದು ಮೇಷ್ಟ್ರೇ ಎನ್ನುವಳು. ಹಾಗಾದರೆ ನಾನು ಇನ್ನೂ ಪರವಾಗಿಲ್ಲ ಎಂದು ಅವರು ನಶ್ಯ ಏರಿಸುವರು. ಅವರು ಕೆಲಸ ಬಿಟ್ಟ ಮೇಲೆ ಕುರ್ಚಿ ಇವಳಿಗೆ ಬಂತು, ಹೆಸರು ಬರಲಿಲ್ಲ. ಪರದೆಯ ಮೇಲೆ ‘ಕಥೆ, ಸಂಭಾಷಣೆ: ಕಥಾ ವಿಭಾಗ’ ಎಂದು ಬೀಳುತ್ತಿತ್ತು. ಆ ವಿಭಾಗದಲ್ಲಿ ಇದ್ದದ್ದು ಒಂದು ಮೇಜು, ಒಂದು ಕುರ್ಚಿ, ರೆಕ್ಕೆ ಮುರಿದ ಒಂದು ಫ್ಯಾನು ಮತ್ತು ಅವಳು.

ಅದಕ್ಕೂ ಮೊದಲು ನಾಲ್ಕು ವರ್ಷ ಗಂಡನ ಮನೆಯಲ್ಲಿದ್ದಳು. ಅಲ್ಲಿ ಆ ಮಾತನ್ನು ಅವಳು ಬರೆಯುತ್ತಿರಲಿಲ್ಲ, ಆಡುತ್ತಿದ್ದಳು. ಅವಳದು ಎಡಗೈ. ಎಡಗೈಯಲ್ಲಿ ಬಡಿಸಿದ್ದಕ್ಕೆ ತಪ್ಪಾಯ್ತು, ಬಲಗೈಯಲ್ಲಿ ಬಡಿಸಲು ಹೋಗಿ ಚೆಲ್ಲಿದ್ದಕ್ಕೆ ತಪ್ಪಾಯ್ತು, ನಕ್ಕಿದ್ದಕ್ಕೆ ತಪ್ಪಾಯ್ತು, ಯಾಕೆ ಮುಖ ಗಂಟು ಹಾಕಿಕೊಂಡಿದ್ದೀಯ ಎಂದರೆ ಅದಕ್ಕೂ ತಪ್ಪಾಯ್ತು. ಒಂದು ಬೆಳಿಗ್ಗೆ ಅತ್ತೆ ಏನೋ ಅಂದಾಗ ಬಾಯಿ ತೆರೆದಳು, ಮಾತು ಹೊರಡಲೇ ಇಲ್ಲ. ಟ್ರಂಕು ಹಿಡಿದು ಅಣ್ಣನ ಮನೆಗೆ ಬಂದುಬಿಟ್ಟಳು. ಅಣ್ಣ ವಾರಗಟ್ಟಲೆ ಮಾತು ಬಿಟ್ಟ. ಅತ್ತಿಗೆ ಮಾತ್ರ ಅದೇ ದಿನ ಬೀರುವಿನ ಒಂದು ಖಾನೆ ಖಾಲಿ ಮಾಡಿ, ಇದು ನಿನ್ನದು, ಬೀಗದ ಕೈ ಕೇಳಬೇಡ, ನನಗೇ ಸಿಕ್ಕಿಲ್ಲ ಎಂದಿದ್ದಳು.

ಹನ್ನೆರಡನೆಯ ಸಿನಿಮಾಕ್ಕೆ ಕಥೆಯೂ ಗೊಣಗಮ್ಮನದೇ. ಗಂಡ ಕಾಯಿಲೆ ಬಿದ್ದು ವರ್ಷಗಟ್ಟಲೆ ಆಸ್ಪತ್ರೆ ಸೇರಿದಾಗ ಅವನ ಅಚ್ಚುಕೂಟವನ್ನು ಹೆಂಡತಿ ನಡೆಸುತ್ತಾಳೆ. ಅಚ್ಚಿನ ಮೊಳೆ ಜೋಡಿಸುವುದನ್ನು ಕಲಿಯುತ್ತಾಳೆ, ಕರಡು ತಿದ್ದುತ್ತಾಳೆ, ಕೆಲಸಗಾರರ ಜೊತೆ ಮಸಿ ಬಳಿದುಕೊಂಡು ನಿಲ್ಲುತ್ತಾಳೆ. ಗಂಡ ಗುಣವಾಗಿ ಬಂದ ದಿನ ಅವನ ಅಣ್ಣ ಮನೆಮಂದಿಯನ್ನೆಲ್ಲಾ ಸೇರಿಸಿ, ನನ್ನನ್ನು ಒಂದು ಮಾತು ಕೇಳದೆ ಗಂಡಸರ ನಡುವೆ ಹೋಗಿ ನಿಂತಳು ಎಂದು ದೂರುತ್ತಾನೆ. ಕಥೆ ಕೇಳಿ ಯಜಮಾನರು ಖುಷಿಯಾದರು. ಬೇರೆ ಕಂಪನಿಗಳಲ್ಲಿ ಬರೆದವರ ಹೆಸರು ಹಾಕುವ ರೂಢಿ ಶುರುವಾಗಿದೆ, ಈ ಸಲ ನಿನ್ನ ಹೆಸರನ್ನೂ ಹಾಕೋಣ, ಒಂದು ಇಡೀ ಫಲಕದಲ್ಲಿ ನಿನ್ನ ಹೆಸರೊಂದೇ ಇರಲಿ ಎಂದರು. ಆಮೇಲೆ, ಕೊನೇ ರೀಲು ಗೊತ್ತಲ್ಲ ಎಂದರು.

ಗೊತ್ತಿತ್ತು. ಆದರೆ ಈ ಸಲ ಅವಳು ಜಗಲಿಯಲ್ಲಿ ಎರಡು ದಿನ ನಡೆದರೂ ಆ ಮಾತು ಆ ಹೆಂಗಸಿನ ಬಾಯಲ್ಲಿ ಕೂರಲಿಲ್ಲ. ಮೂರನೆಯ ದಿನ ಯಜಮಾನರ ಕೋಣೆಗೆ ಹೋಗಿ ನಿಂತಳು. ಕರೆಯದೆ ಅವಳು ಅಲ್ಲಿಗೆ ಹೋದದ್ದು ಅದೇ ಮೊದಲು.

“ಅವಳು ಮಾಡಿದ ತಪ್ಪು ಯಾವುದು, ಒಂದೇ ಒಂದು ಹೇಳಿ ಸರ್. ಬರ್ಕೊಡ್ತೀನಿ.”

ಯಜಮಾನರು ನಿಜವಾಗಿಯೂ ಯೋಚಿಸಿದರು. ಕೆಟ್ಟವರಲ್ಲ ಅವರು.

“ತಪ್ಪು ಯಾವುದಾದ್ರೇನಮ್ಮ? ಒಂದು ಮಾತು ಅಂದ್ರೆ ಅವಳ ಗಂಟೇನು ಹೋಗುತ್ತೆ?”

ಅವಳು ಬಂದು ಬರೆದಳು. ‘ಅಚ್ಚುಕೂಟ ನಿಲ್ಲದ ಹಾಗೆ ನೋಡ್ಕೊಂಡೆ. ತಪ್ಪಾಯ್ತು.’ ಯಜಮಾನರು ಪ್ರತಿ ಹಾಳೆಯ ಕೆಳಗೂ ಹಸಿರು ಶಾಯಿಯಲ್ಲಿ ಸಹಿ ಹಾಕಿದರು. ಅವರ ಸಹಿ ಬಿದ್ದ ಹಾಳೆಯಲ್ಲಿ ಒಂದು ಅಕ್ಷರ ಆಚೀಚೆ ಆಗುವ ಹಾಗಿಲ್ಲ. ಆಗಲೂ ಇಲ್ಲ. ಆ ಹಾಳೆ ಕೊನೆಯವರೆಗೂ ಹಾಗೇ ಇತ್ತು.

ನಾಯಕಿಯ ಪಾತ್ರದ ನಟಿಗೆ ಓದಲು ಬರುತ್ತಿರಲಿಲ್ಲ. ಆರು ವರ್ಷದವಳಿದ್ದಾಗಲೇ ನಾಟಕದ ಕಂಪನಿ ಸೇರಿ, ಎಲ್ಲವನ್ನೂ ಕಿವಿಯಲ್ಲೇ ಕಲಿತ ಹುಡುಗಿ. ಸ್ಟುಡಿಯೋಗೆಲ್ಲಾ ಗೊತ್ತಿದ್ದ ಈ ಸಂಗತಿಯನ್ನು ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಚಿತ್ರೀಕರಣದ ದಿನ ಗೊಣಗಮ್ಮ ಮೇಕಪ್ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತು ಮಾತುಗಳನ್ನು ಓದಿ ಹೇಳುವಳು. ಎರಡು ಸಲ ಕೇಳಿದರೆ ಸಾಕು, ಓದಿದವಳು ಉಸಿರು ಎಲ್ಲಿ ತೆಗೆದುಕೊಂಡಳು ಎನ್ನುವುದೂ ಸೇರಿ ಹುಡುಗಿಗೆ ಬಂದುಬಿಡುತ್ತಿತ್ತು. ಪರದೆಯ ಮೇಲೆ ನಾಯಕಿ ಏನಾದರೂ ಬರೆಯಬೇಕಾಗಿ ಬಂದರೆ ಕೈ ಗೊಣಗಮ್ಮನದು. ಈ ಸಿನಿಮಾದಲ್ಲಂತೂ ಮೂರನೆಯ ರೀಲಿನಿಂದಲೇ ಕರಡು ತಿದ್ದುವ ಕೈಯ ಶಾಟುಗಳು ಇದ್ದವು. ಹಾಗಾಗಿ ಹುಡುಗಿ ಪೆನ್ನನ್ನು ಎಡಗೈಯಲ್ಲಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು.

ಕೊನೆಯ ದೃಶ್ಯದ ಬೆಳಿಗ್ಗೆ ಗೊಣಗಮ್ಮ ಹಾಳೆಯಲ್ಲಿದ್ದದ್ದನ್ನು ಇದ್ದ ಹಾಗೇ ಓದಿದಳು. ಹುಡುಗಿ ಕನ್ನಡಿಯಲ್ಲೇ ಅವಳನ್ನು ನೋಡಿದಳು.

“ಅಕ್ಕಾ, ಎಲ್ಲಾ ಸರಿಯಾಗೇ ಮಾಡಿದಾಳಲ್ಲ ಇವಳು. ಮತ್ಯಾಕೆ ಹಾಗನ್ಬೇಕು?”

ಗೊಣಗಮ್ಮ ಹಾಳೆ ಮತ್ತೆ ಮೇಲೆತ್ತಿದಳು. ಇನ್ನೊಮ್ಮೆ ಓದಲು ಹೊರಟಳು. ‘ತಪ್ಪಾಯ್’ವರೆಗೆ ಬಂದು ನಾಲಗೆ ನಿಂತಿತು. ‘ತು’ ಎಂದು ತುಟಿ ಮುಂದಕ್ಕೆ ಮುದುರಿದರೆ ಮುಗಿಯಿತು. ಮುದುರಲಿಲ್ಲ. ಬಾಯಿ ತಾನಾಗಿ ತೆರೆದುಕೊಂಡಿತು.

“ತಪ್ಪಾಯ್ತಾ?”

ಹುಡುಗಿ ಕುರ್ಚಿ ತಿರುಗಿಸಿ ನೇರ ಅವಳ ಮುಖ ನೋಡಿ, ಅದೇ ಏರಿನಲ್ಲಿ, ಅದೇ ಉಸಿರಿನಲ್ಲಿ ಅದನ್ನು ಅಂದಳು. ಕೇಳಿ ಗೊಣಗಮ್ಮನ ಬೆನ್ನು ನೆಟ್ಟಗಾಯಿತು. ಹಾಳೆಯಲ್ಲಿ ಇರುವುದು ಹಾಗಲ್ಲ, ನಿನಗೆ ತೊಂದರೆ ಆದೀತು, ಯೋಚನೆ ಮಾಡು ಎಂದು ಬಿಡಿಸಿ ಹೇಳಿದಳು.

“ನಂಗೆ ಓದೋಕೆಲ್ಲಿ ಬರುತ್ತೆ ಅಕ್ಕಾ,” ಎಂದಳು ಹುಡುಗಿ ಹುಬ್ಬಿಗೆ ಕಪ್ಪು ಎಳೆದುಕೊಳ್ಳುತ್ತಾ. “ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ.”

ಕಣ್ಣೀರು ಚೆನ್ನಾಗಿ ಕಾಣಲಿ ಎಂದು ಆ ಶಾಟನ್ನು ಒಂದೇ ಉದ್ದ ಕ್ಲೋಸಪ್ಪಿನಲ್ಲಿ ತೆಗೆಯಲು ಯಜಮಾನರೇ ಅಪ್ಪಣೆ ಮಾಡಿದ್ದರು. ಕ್ಯಾಮೆರಾ ಹುಡುಗಿಯ ಮುಖದಿಂದ ಕದಲಲಿಲ್ಲ. ಅವಳು ತಲೆ ಬಗ್ಗಿಸಲಿಲ್ಲ, ಅಳಲೂ ಇಲ್ಲ. ಎದುರು ನಿಂತಿದ್ದ ಭಾವನ ಪಾತ್ರದವನನ್ನು ನೋಡಿ, ನಿಜವಾಗಿ ತಿಳಿದುಕೊಳ್ಳಬೇಕು ಎನ್ನುವವಳ ಹಾಗೆ ಕೇಳಿದಳು. ನಿರ್ದೇಶಕರು ಶಬ್ದ ಹಿಡಿಯುವ ಕಿವಿಯಣ್ಣನ ಕಡೆ ತಿರುಗಿ ಸರಿಯಾಗಿ ಬಂತೇ ಎಂದರು. ಕಿವಿಯಣ್ಣ ಕಿವಿಯ ಮೇಲಿನ ಬಟ್ಟಲು ತೆಗೆದು, ಇಷ್ಟು ಸ್ಪಷ್ಟವಾಗಿ ಈ ಸ್ಟುಡಿಯೋದಲ್ಲಿ ಯಾವತ್ತೂ ಕೇಳಿಸಿಲ್ಲ ಎಂದ. ಅವನು ಸುಳ್ಳು ಹೇಳುವ ಮನುಷ್ಯನಲ್ಲ. ನಿರ್ದೇಶಕರು ಗೊಣಗಮ್ಮನ ಮುಖ ಒಮ್ಮೆ ನೋಡಿ, ಮುಂದಿನದು ಎಂದರು. ಮರುದಿನ ಆ ದೃಶ್ಯಕ್ಕೆ ಹಾಕಿದ್ದ ಹಜಾರದ ಸೆಟ್ಟನ್ನು ಒಡೆದು ಬೇರೆ ಸಿನಿಮಾಕ್ಕೆ ಅರಮನೆ ಕಟ್ಟಿದರು. ವಾರದೊಳಗೆ ಹುಡುಗಿ ಬೇರೆ ಕಂಪನಿಯ ಚಿತ್ರೀಕರಣಕ್ಕೆಂದು ಮೂರು ತಿಂಗಳು ದೂರದ ಬೆಟ್ಟಗಳಿಗೆ ಹೊರಟುಹೋದಳು.

ಯಜಮಾನರು ಆ ರೀಲು ನೋಡಿದ್ದು ಹತ್ತು ದಿನ ಕಳೆದ ಮೇಲೆ. ದೀಪ ಹಾಕಿಸಿದರು, ಆರಿಸಿದರು, ಮತ್ತೆ ಓಡಿಸಿದರು. ಕೂಗಾಡಲಿಲ್ಲ. ಯಾರಾದರೂ ಹುಡುಗಿಯನ್ನು ಕರೆಸಿ ಆ ಒಂದು ಅಕ್ಷರ ಬೇರೆ ಹೇಳಿಸಿ ಕೂರಿಸಿ ಎಂದರು ಅಷ್ಟೆ.

ಕಿವಿಯಣ್ಣ ಕೂರಿಸಲು ನೋಡಿದ. ಕೂರಲಿಲ್ಲ. ‘ತು’ ಎನ್ನಲು ತುಟಿ ಮುದುರಬೇಕು, ಪರದೆಯ ಮೇಲೆ ಆಳೆತ್ತರದ ಬಾಯಿ ತೆರೆದುಕೊಂಡೇ ಇದೆ. ಯಜಮಾನರಿಗೆ ನಂಬಿಕೆಯಾಗಲಿಲ್ಲ. ಕತ್ತಲಲ್ಲಿ ತಾವೇ ‘ತು, ತಾ, ತು, ತಾ’ ಎಂದು ಬಾಯಾಡಿಸಿ ನೋಡಿದರು. ನಿರ್ದೇಶಕರೂ ನೋಡಿದರು, ಪ್ರೊಜೆಕ್ಟರಿನವನೂ ನೋಡಿದ. ಕೋಣೆ ತುಂಬಾ ದೊಡ್ಡವರೆಲ್ಲಾ ಅಕ್ಷರಾಭ್ಯಾಸ ಮಾಡುವ ಹಾಗಾಯಿತು. ತೆರೆದ ಬಾಯಿಯ ಅಳತೆಗೆ ಕಿವಿಯಣ್ಣ ಆ ‘ತು’ವನ್ನು ಎಳೆದು ಕೂರಿಸಿದಾಗ ಪರಿಸ್ಥಿತಿ ಇನ್ನೂ ಕೆಟ್ಟಿತು. ನಾಯಕಿ ಭಾವನ ಮುಖ ನೋಡಿ ‘ತಪ್ಪಾಯ್… ಥೂ’ ಎಂದ ಹಾಗೆ ಕೇಳಿಸಿತು. ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲು ಹೋಗಿ ಕೆಮ್ಮಿದರು. ಆ ಮಾತಿನ ಮೇಲೆ, ಅವತ್ತೇ ಬೇರೆ ಶಾಟಿನಲ್ಲಿ ತೆಗೆದಿದ್ದ ಭಾವನ ಮುಖ ತೋರಿಸಿಬಿಡೋಣ ಎಂದು ಸಂಕಲನದವನು ಅದನ್ನು ಅಂಟಿಸಿ ತಂದ. ಆ ನಟ ಕಿವಿಯಾರೆ ಪ್ರಶ್ನೆ ಕೇಳಿಸಿಕೊಂಡವನು. ಉತ್ತರ ಬಾರದ ಪರೀಕ್ಷೆಯಲ್ಲಿ ಕೂತ ಹುಡುಗನ ಹಾಗಿತ್ತು ಅವನ ಮುಖ. ತೆಗೆಯಿರಿ ಅದನ್ನು ಎಂದರು ಯಜಮಾನರು.

ಮರುದಿನ ಮಧ್ಯಾಹ್ನ ಗೊಣಗಮ್ಮನಿಗೆ ಕರೆ ಬಂತು.

ಅವಳು ಹೋದಾಗ ಯಜಮಾನರ ಕೋಣೆಯ ಗೋಡೆಗೆ, ಸಿನಿಮಾದ ಆರಂಭದಲ್ಲಿ ತೋರಿಸಲು ಬರೆಸಿದ ಒಂದು ಕರಿಯ ಹಲಗೆ ಒರಗಿತ್ತು. ಅದರ ಮೇಲೆ ಬಿಳಿಯ ಬಣ್ಣದಲ್ಲಿ, ಗೇಣುದ್ದದ ಅಕ್ಷರಗಳಲ್ಲಿ ಅವಳ ಹೆಸರು. ಬಣ್ಣ ಇನ್ನೂ ಹಸಿಯಾಗಿ ಮಿನುಗುತ್ತಿತ್ತು. ಗಂಡನ ಮನೆಯಲ್ಲಿ ಯಾರೂ ಕರೆಯದ, ಸ್ಟುಡಿಯೋದಲ್ಲಿ ಯಾರಿಗೂ ನೆನಪಿಲ್ಲದ ಹೆಸರು. ಅವಳು ಅದನ್ನು ಮೊದಲಿಂದ ಕೊನೆಯವರೆಗೆ ಓದಿದಳು, ಯಾರೋ ಪರಿಚಯದವರನ್ನು ಬಹಳ ದಿನದ ಮೇಲೆ ಕಂಡ ಹಾಗಾಯಿತು.

ಯಜಮಾನರು ಕೂರಲು ಹೇಳಿದರು. ಹಾಳೆಯ ಮಾತು ಹೇಗೆ ಬದಲಾಯಿತೆಂದು ತಾವು ಕೇಳುವುದಿಲ್ಲ ಎಂದರು. ಕೇಳುವುದಿಲ್ಲ ಎನ್ನುವಾಗ ಅವಳ ಕಣ್ಣನ್ನೇ ನೋಡಿದರು. ಆಮೇಲೆ ತಮ್ಮ ಉಪಾಯ ಬಿಚ್ಚಿಟ್ಟರು. ಆ ಶಾಟಿನ ನಂತರ ಒಂದು ಪತ್ರ. ನಾಯಕಿ ಗಂಡನಿಗೆ ಬರೆಯುವುದು. ಮುಖ ಬೇಡ, ಬರೆಯುವ ಕೈ ಮಾತ್ರ ಕಾಣಬೇಕು.

“ನಟಿ ಬೇಡ, ಸೆಟ್ಟು ಬೇಡ. ಒಂದು ಮೇಜು, ಒಂದು ಹಾಳೆ, ನಿನ್ನ ಎಡಗೈ. ‘ನನ್ನಿಂದ ತಪ್ಪಾಯಿತು, ಕ್ಷಮಿಸಿ.’ ಅಷ್ಟೇ ಬರಿ. ಆ ಹಲಗೆ ಮೊದಲ್ನೇ ರೀಲಿಗೆ ಹೋಗುತ್ತೆ, ನಿನ್ನ ಕೈ ಕೊನೇ ರೀಲಿಗೆ.”

ಅವಳು ಮಡಿಲಲ್ಲಿದ್ದ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡಳು. ಹನ್ನೊಂದು ಹೆಂಗಸರಿಂದ ಹನ್ನೊಂದು ಸಲ ಹೇಳಿಸಿದ್ದಳು. ಇನ್ನೊಂದು ಸಲಕ್ಕೆ ಏನಾಗುತ್ತಿತ್ತು? ಆ ಬಿಳಿಯ ಅಕ್ಷರಗಳು ಅಷ್ಟು ಚೆನ್ನಾಗಿದ್ದವು. ಅವಳು ಅವನ್ನೇ ನೋಡುತ್ತಾ ಹೇಳಿದಳು.

“ಈ ಹೆಸರಿನವಳು ಹಾಗೆ ಬರೆಯಲ್ಲ ಸರ್.”

“ಹಾಗಾದ್ರೆ ಈ ಹೆಸರೂ ಇರಲ್ಲ.”

“ಬೇಡ.”

“ಆ ಕುರ್ಚಿಯೂ ಇರಲ್ಲಮ್ಮ.”

“ಅದರ ಒಂದು ಕಾಲು ಗಿಡ್ಡ ಸರ್. ಮುಂದೆ ಕೂರೋರಿಗೆ ಮೊದ್ಲೇ ಹೇಳಿ, ಬಿದ್ದುಗಿದ್ದಾರು.”

ಇಷ್ಟು ಮಾತು ತನ್ನ ಬಾಯಿಂದ ಬಂದದ್ದಕ್ಕೆ ಅವಳಿಗೇ ಆಶ್ಚರ್ಯವಾಯಿತು. ಜಗಲಿಯಲ್ಲಿ ಒಮ್ಮೆಯೂ ಗೊಣಗಿ ನೋಡದೆ ಆಡಿದ ಮಾತುಗಳವು, ಆದರೂ ಎಲ್ಲಿಯೂ ಎಡವಲಿಲ್ಲ. ಎದ್ದು ಬಂದು, ಮೇಜಿನ ಮೇಲಿದ್ದ ಊಟದ ಡಬ್ಬಿಯನ್ನೂ ನಿಘಂಟನ್ನೂ ಚೀಲಕ್ಕೆ ಹಾಕಿಕೊಂಡಳು. ಗೇಟಿನ ತನಕ ಕಿವಿಯಣ್ಣ ಜೊತೆಗೆ ನಡೆದು ಬಂದ. ಚೀಲವನ್ನು ಅವಳ ಕೈಯಿಂದ ಇಸಿದುಕೊಂಡು ಹಿಡಿದುಕೊಂಡಿದ್ದ.

ಅವಳಿಲ್ಲದೆಯೂ ಆ ಪತ್ರ ತೆಗೆಯಲು ನೋಡಿದರಂತೆ. ಬಟ್ಟೆ ವಿಭಾಗದ ಹೆಂಗಸನ್ನು ಕೂರಿಸಿದರು, ಅವಳದು ಬಲಗೈ. ಎಡಗೈಯಲ್ಲಿ ಬರೆಸಿದರೆ ಅಕ್ಷರಗಳು ಇರುವೆ ಸಾಲು ಚೆದುರಿದ ಹಾಗೆ ಬಿದ್ದವು. ಮೂರನೆಯ ರೀಲಿನಲ್ಲಿ ಮುತ್ತಿನಂಥ ಅಕ್ಷರ ಬರೆದವಳಿಗೆ ಹದಿನೈದನೆಯ ರೀಲಿಗೆ ಪಾರ್ಶ್ವವಾಯು ಬಡಿಯಿತೇ ಎಂದು ನಿರ್ದೇಶಕರೇ ಕೇಳಿದರಂತೆ. ಅಷ್ಟರಲ್ಲಿ ಬಿಡುಗಡೆಯ ತಾರೀಖು ಹೊತ್ತ ಪೋಸ್ಟರುಗಳು ಗೋಡೆ ಏರಿದ್ದವು. ಯಜಮಾನರು ಕೈಚೆಲ್ಲಿದರು. ಜನ ಕುರ್ಚಿ ಮುರಿದರೆ ಆ ಗೊಣಗಮ್ಮನ ಮನೆಗೆ ಕಳಿಸಿ ಎಂದು ರೀಲು ಬಿಟ್ಟುಕೊಟ್ಟರು.

ಮನೆಯಲ್ಲಿ ಅಣ್ಣ ಸಿಡಿಮಿಡಿಗೊಂಡ. ಇರುವ ಕೆಲಸ ಹೋಯಿತು, ಬರುವ ಹೆಸರೂ ಹೋಯಿತು, ಒಂದು ಮಾತು ಬರೆದುಕೊಟ್ಟಿದ್ದರೆ ಎಲ್ಲಾ ಸರಿಹೋಗುತ್ತಿತ್ತು ಎಂದ. ಅತ್ತಿಗೆ ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ ಕೇಳಿದಳು:

“ನೀವು ಯಾವತ್ತಾದ್ರೂ ಯಾರಿಗಾದ್ರೂ ಅಂದಿದೀರಾ ಅದನ್ನ? ನೆನಪು ಮಾಡ್ಕೊಂಡು ಹೇಳಿ, ಅವಸರ ಇಲ್ಲ.”

ಅಣ್ಣ ನೆನಪು ಮಾಡಿಕೊಂಡ. ಆಮೇಲೆ ಪೇಪರು ಬಿಡಿಸಿದ.

ಗೊಣಗಮ್ಮ ಮುಂದೆ ಬೇರೆ ಬೇರೆ ಕಂಪನಿಗಳಿಗೆ ಹತ್ತೊಂಬತ್ತು ಸಿನಿಮಾ ಬರೆದಳು. ಕೆಲವಕ್ಕೆ ಹೆಸರು ಬಂತು, ಕೆಲವಕ್ಕೆ ಬರಲಿಲ್ಲ, ಎರಡಕ್ಕೆ ಬೇರೆ ಯಾರದೋ ಹೆಸರು ಬಂತು. ಬಗ್ಗದ ಹೆಂಗಸು ಎನ್ನುವ ಸುದ್ದಿ ಮಾತ್ರ ಎಲ್ಲಾ ಕಡೆಗೂ ಅವಳಿಗಿಂತ ಮೊದಲೇ ಹೋಗಿ ಕಾಯುತ್ತಿತ್ತು. ಅದೆಲ್ಲಾ ಆಮೇಲಿನದು. ಆ ಸಿನಿಮಾ ಬಿಡುಗಡೆಯಾದ ವಾರ ಅವಳಿಗೆ ಕೆಲಸವೂ ಇರಲಿಲ್ಲ, ಕೆಲಸ ಕೊಡುವವರೂ ಕಂಡಿರಲಿಲ್ಲ.

ಅತ್ತಿಗೆಯೇ ಮಧ್ಯಾಹ್ನದ ಆಟಕ್ಕೆ ಎಳೆದುಕೊಂಡು ಹೋದಳು. ಥಿಯೇಟರು ತುಂಬಿತ್ತು. ಆರಂಭದಲ್ಲಿ ‘ಕಥೆ, ಸಂಭಾಷಣೆ: ಕಥಾ ವಿಭಾಗ’ ಎಂದು ಬಿತ್ತು. ವಿಭಾಗಕ್ಕೆ ನಮಸ್ಕಾರ ಎಂದು ಅತ್ತಿಗೆ ಪರದೆಗೆ ಕೈಮುಗಿದಳು. ಗೊಣಗಮ್ಮನಿಗೆ ಎದೆಯಲ್ಲಿ ಏನೋ ಚುಚ್ಚಿತು. ಗೇಣುದ್ದದ ಆ ಅಕ್ಷರಗಳು ಎಲ್ಲಿಗೆ ಹೋದವೋ, ಅದೇ ಹಲಗೆಗೆ ಕರಿಯ ಬಣ್ಣ ಬಳಿದು ಬೇರೆ ಬರೆದಿದ್ದರೋ.

ಕೊನೆಯ ರೀಲು ಬಂತು. ಜನಕ್ಕೆ ರೂಢಿ ಇತ್ತು, ಮುಂದಿನ ಸಾಲಿನಲ್ಲಿ ಕರವಸ್ತ್ರಗಳು ಆಗಲೇ ಹೊರಬಂದಿದ್ದವು. ಹುಡುಗಿಯ ಮುಖ ಪರದೆ ತುಂಬಿತು. ಅಚ್ಚುಕೂಟ ನಿಲ್ಲದ ಹಾಗೆ ನೋಡ್ಕೊಂಡೆ ಎಂದಳು. ತಪ್ಪಾಯ್ತಾ ಎಂದಳು. ಪಿಟೀಲುಗಳು ಏಳಲು ಎರಡು ಕ್ಷಣ ತಡವಾಯಿತು, ಆ ಎರಡು ಕ್ಷಣ ಎಂಟುನೂರು ಜನ ಉಸಿರಾಡಿದ್ದು ಗೊಣಗಮ್ಮನಿಗೆ ಕೇಳಿಸಿತು. ಹಿಂದೆ ಒಬ್ಬ ಗಂಡಸು ಏನಂದ್ಲು ಏನಂದ್ಲು ಎಂದು ಪಕ್ಕದವನನ್ನು ಕೇಳಿದ. ಕರವಸ್ತ್ರಗಳು ಏನು ಮಾಡಬೇಕೆಂದು ತೋಚದೆ ಕೈಯಲ್ಲೇ ಉಳಿದವು. ಯಾರೂ ಕುರ್ಚಿ ಮುರಿಯಲಿಲ್ಲ, ಚಪ್ಪಾಳೆಯನ್ನೂ ತಟ್ಟಲಿಲ್ಲ. ದೀಪ ಹತ್ತಿದ ಮೇಲೂ ತುಂಬಾ ಜನ ಏಳದೆ ಕೂತಿದ್ದರು.

ಹೊರಗೆ ಬಿಸಿಲು ಇಳಿಯುತ್ತಿತ್ತು. ಅವರ ಮುಂದೆ ಒಬ್ಬ ಅತ್ತೆ, ಒಬ್ಬ ಸೊಸೆ ನಡೆಯುತ್ತಿದ್ದರು.

“ತಪ್ಪೇ ಮತ್ತೆ,” ಎನ್ನುತ್ತಿದ್ದಳು ಅತ್ತೆ. “ಕೇಳ್ದೆ ಮಾಡಿದ್ದು ತಪ್ಪೇ.”

“ಕೇಳೋಕೆ ಯಾರಿದ್ರು ಅತ್ತೆ? ಗಂಡ ಆಸ್ಪತ್ರೇಲಿ.”

“ಭಾವ ಇದ್ನಲ್ಲ.”

“ಭಾವನ್ನ ಕೇಳಿದ್ರೆ ಅಚ್ಚುಕೂಟಕ್ಕೆ ಬೀಗ ಹಾಕ್ತಿದ್ದ.”

ಬೀಗ ಹಾಕ್ತಿದ್ದ, ಅದು ನಿಜ ಎಂದಳು ಅತ್ತೆ. ಆದರೂ ಎಂದಳು. ಅಷ್ಟು ಜನರೆದುರು ಹಾಗೆ ಕೇಳಬಹುದಾ ಎಂದಳು. ಅಷ್ಟು ಜನರೆದುರು ಭಾವ ಅನ್ನಬಹುದಾದರೆ ಇವಳು ಯಾಕೆ ಕೇಳಬಾರದು ಎಂದಳು ಸೊಸೆ, ಅವಳ ಧ್ವನಿ ಇದ್ದದ್ದಕ್ಕಿಂತ ಒಂದು ಮೆಟ್ಟಿಲು ಏರಿತ್ತು. ಇಬ್ಬರೂ ಬಲಕ್ಕೆ ತಿರುಗಿದರು. ಗೊಣಗಮ್ಮನೂ ತಿರುಗಿದಳು. ಅತ್ತಿಗೆ ಅವಳ ತೋಳು ಹಿಡಿದು, ನಮ್ಮನೆ ಆ ಕಡೆ ಕಣೇ ಎಂದಳು.

“ಇರಿ ಅತ್ತಿಗೆ. ಇನ್ನೂ ಮುಗಿದಿಲ್ಲ.”

ಹಿಂದೆ ಯಾರೋ ಬರುತ್ತಿರುವುದು ಆ ಅತ್ತೆಗೆ ಗೊತ್ತಾಗಿ ಅವಳು ಕಾಲುದಾರಿಯ ನಡುವೆಯೇ ನಿಂತಳು. ನೀವೂ ಅದೇ ಆಟಕ್ಕೆ ಬಂದಿದ್ದಿರಲ್ಲ, ನೀವಾದರೂ ಹೇಳಿ, ಅವಳು ಮಾಡಿದ್ದು ತಪ್ಪೋ ಅಲ್ಲವೋ ಎಂದು ನೇರವಾಗಿ ಗೊಣಗಮ್ಮನನ್ನೇ ಕೇಳಿದಳು.

“ಅವಳು ಕೇಳಿದ್ದು ನಿಮ್ಮನ್ನಮ್ಮಾ,” ಎಂದಳು ಗೊಣಗಮ್ಮ. “ನೀವೇ ಹೇಳ್ಬೇಕು.”

ಅತ್ತೆ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಆಹಾ, ಚೆನ್ನಾಗಿ ಹೇಳಿದೆ ಎಂದು ಮೂಗು ಮುರಿದಳು. ಆಮೇಲೆ ಸೊಸೆಯ ಕಡೆ ತಿರುಗಿ, ಒಂದು ಮಾತು ಹೇಳು, ಆ ಭಾವ ಆಸ್ಪತ್ರೆಗೆ ತಮ್ಮನನ್ನು ನೋಡೋಕೆ ಎಷ್ಟು ಸಲ ಹೋಗಿದ್ದ ಎಂದು ಕೇಳಿದಳು. ಒಂದು ಸಲವೂ ಇಲ್ಲ ಎಂದಳು ಸೊಸೆ. ಹೌದಲ್ಲ ಎಂದು ಅತ್ತೆ ಮತ್ತೆ ನಡೆಯತೊಡಗಿದಳು, ಈ ಸಲ ನಿಧಾನವಾಗಿ, ಉಳಿದ ಮೂವರೂ ಪಕ್ಕಕ್ಕೆ ಬರಲಿ ಎನ್ನುವ ಹಾಗೆ.